ಸೋವಿಯ ಲೆಕ್ಕ

ಹೊಸ ವಸ್ತುವೊಂದು ಮನೆಗೆ ಬಂತೆಂದರೆ ನಮ್ಮ ಕಡೆ ನೆರೆಯವರು ಕೇಳುವ ಪ್ರಶ್ನೆಗಳು ಎರಡು: ‘ಎಲ್ಲಿ ತಂದ್ರಿ? ಎಷ್ಟಕ್ಕ ಕೊಟ್ರು?’ ಊರಿನ ಅಂಗಡಿಯ ಹೆಸರು ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬೆಳಗಾವಿ ಎಂದರೆ ಕೇಳಿದವರ ಹುಬ್ಬು ಒಂದಿಷ್ಟು ಮೇಲೇರುತ್ತದೆ. ಗೋವೆ ಎಂದರೆ ಅವರು ಕೈಚಾಚಿ ಆ ವಸ್ತುವನ್ನು ಎತ್ತಿ ತಿರುವಿ ನೋಡುತ್ತಾರೆ. ಬೆಲೆ ಕೇಳಿ, ‘ಸೋವಿ ಆತು ಬಿಡ್ರಿ’ ಎಂದು ಮೆಚ್ಚಿಕೊಂಡು ಹೋಗುತ್ತಾರೆ. ಅಗ್ಗಕ್ಕೆ ಧಾರವಾಡದ ಸೀಮೆಯಲ್ಲಿ ಸೋವಿ ಎನ್ನುವುದು ರೂಢಿ. ಸೋವಿಯಾಗಿ ಕೊಂಡವನು ಜಾಣ, ತುಟ್ಟಿ ಕೊಟ್ಟು ತಂದವನು ಪೆದ್ದ. ಇದರಲ್ಲಿ ನೀತಿಯ ಮಾತು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿಯಾರು. ಆದರೆ ಕೇಳದೆ ಉಳಿದ ಮೂರನೆಯ ಪ್ರಶ್ನೆಯೊಂದು ಇಲ್ಲಿದೆ: ನನಗೆ ಉಳಿದ ಹಣ ಯಾರ ಕೈಯಿಂದ ಹೋಯಿತು? ಸಾಮಾನ್ಯವಾಗಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ಮಾತ್ರ ವ್ಯವಹಾರವಿರುತ್ತದೆ ಎಂದು ತಿಳಿಯುತ್ತೇವೆ. ಕಣ್ಣಿಗೆ ಬೀಳದ ಮೂರನೆಯವನೊಬ್ಬ ಎಷ್ಟೋ ಸಲ ಆ ವ್ಯವಹಾರದ ವೆಚ್ಚವನ್ನು ಹೊರುತ್ತಾನೆ. ಅವನನ್ನು ಹುಡುಕುವುದೇ ಈ ಬರೆಹದ ಉದ್ದೇಶ.

ಇಂಥ ಹುಡುಕಾಟಕ್ಕೆ ಅಳ್ನಾವರ ತಕ್ಕ ಸ್ಥಳ. ಇದು ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚು. ಒಂದು ಕಡೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕು, ಇನ್ನೊಂದು ಕಡೆ ಉತ್ತರ ಕನ್ನಡದ ಹಳಿಯಾಳ. ಬಯಲುಸೀಮೆ ಮುಗಿದು ಮಲೆನಾಡು ತೊಡಗುವುದು ಇಲ್ಲಿಯೇ. ಹುಬ್ಬಳ್ಳಿಯಿಂದ ಲೋಂಡಾಕ್ಕೆ ಹೋಗುವ ರೈಲುದಾರಿ ಊರಿನ ಮೇಲೆ ಹಾಯುತ್ತದೆ. ದಾಂಡೇಲಿಯ ಕಡೆಯ ಕವಲುದಾರಿ ಇಲ್ಲಿ ಬಂದು ಕೂಡುತ್ತದೆ. ಲೋಂಡಾ ದಾಟಿ, ಕ್ಯಾಸಲ್‌ರಾಕಿನಿಂದ ಘಟ್ಟ ಇಳಿದರೆ ಗೋವೆ. ರಸ್ತೆಯಿಂದಾದರೆ ರಾಮನಗರ, ಅನಮೋಡ, ಆಮೇಲೆ ಗೋವೆ. ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕೂ ಪೇಟೆಯಲ್ಲಿ ಕಿವಿಗೆ ಬೀಳುತ್ತವೆ. ಇಲ್ಲಿಯ ಗಿರಾಕಿಗೆ ಊರ ಅಂಗಡಿಯಲ್ಲದೆ ಧಾರವಾಡ-ಹುಬ್ಬಳ್ಳಿಯ ಪೇಟೆಯುಂಟು, ಬೆಳಗಾವಿಯ ಪೇಟೆಯುಂಟು, ಘಟ್ಟದ ಕೆಳಗಿನ ಪೇಟೆಯೂ ಉಂಟು. ಆಯ್ಕೆ ಇದ್ದಲ್ಲಿ ಮಾತ್ರ ನೀತಿಯ ಪ್ರಶ್ನೆ ಹುಟ್ಟುತ್ತದೆಂದು ಬಲ್ಲವರು ಹೇಳುತ್ತಾರೆ. ಹಾಗಾದರೆ ಅದು ಹುಟ್ಟಬೇಕಾದ ಊರು ಇದು.

ಈ ಗಡಿಗೆರೆಗಳು ಅನಾದಿಯವೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರು ಘಟ್ಟದ ಕೆಳಗಿನ ಕೊಂಕಣವನ್ನೂ ಘಟ್ಟದ ಮೇಲಿನ ಪಲಸಿಗೆ ನಾಡನ್ನೂ ಒಟ್ಟಾಗಿ ಆಳಿದರು. ಆ ಪಲಸಿಗೆಯೇ ಇಂದಿನ ಖಾನಾಪುರ ತಾಲೂಕಿನ ಹಲಸಿ. ಅವರ ಕಾಲದ ವರ್ತಕನಿಗೆ ಗೋವೆ ಪರದೇಶವಾಗಿರಲಿಲ್ಲ. ತನ್ನ ಅರಸನದೇ ಬಂದರಾಗಿತ್ತು. ಬೆಳಗಾವಿಯ ರಟ್ಟರ ಕಾಲದ, 1204ರ ಶಾಸನವೊಂದರಲ್ಲಿ ಲಾಳ ದೇಶದ ವರ್ತಕರೂ ಮಲೆಯಾಳದ ವರ್ತಕರೂ ಕಾಣಿಸಿಕೊಳ್ಳುತ್ತಾರೆ. ಗುಜರಾತು, ಕೇರಳಗಳ ಜನ ನಮ್ಮ ಪೇಟೆಯಲ್ಲಿ ಕೂತು ವ್ಯಾಪಾರ ಮಾಡಿದ್ದಕ್ಕೆ ಎಂಟುನೂರು ವರ್ಷಗಳ ಹಿಂದಿನ ಕಲ್ಲೇ ಸಾಕ್ಷಿ. ನಾಡುನಾಡುಗಳ ಪೇಟೆ ಒಂದಾಗುವುದು ನಮ್ಮ ಕಾಲದ ಹೊಸ ಸಂಗತಿ ಎಂದು ಬೀಗುವವರು ಶಾಸನಗಳ ಸಂಪುಟವನ್ನು ಒಮ್ಮೆ ತೆರೆದು ನೋಡಬೇಕು.

ಆದರೆ ಆಗಲೂ ಸುಂಕವಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯಲ್ಲಿ ಜನರಿಗೆ ಅವನ ಮೇಲಿದ್ದ ಭಾವನೆಯೆಲ್ಲ ಅಡಗಿದೆ. ಅವನು ಕರಗುವವನಲ್ಲ, ಆದ್ದರಿಂದ ಅವನಿಗೆ ಮರೆಮಾಡಿದರೆ ದೋಷವಿಲ್ಲ ಎಂಬುದು ಲೋಕರೂಢಿಯ ನ್ಯಾಯ. ಇದಕ್ಕೆ ಎದುರಾಗಿ ನಮ್ಮ ಪರಂಪರೆಯಲ್ಲಿ ಇನ್ನೊಂದು ಚಿತ್ರವುಂಟು. ಶರಣರಲ್ಲಿ ಸುಂಕದ ಬಂಕಣ್ಣನೆಂಬುವನಿದ್ದ. ಸುಂಕ ಎತ್ತುವುದೇ ಅವನ ಕಾಯಕ. ಬಂಕೇಶ್ವರಲಿಂಗ ಅವನ ಅಂಕಿತ. ಜನ ಶಪಿಸುವ ಉದ್ಯೋಗವನ್ನು ಒಬ್ಬನು ಕಾಯಕವೆಂದು ಮಾಡಿದನೆಂದರೆ ಏನರ್ಥ? ಎತ್ತುವವನು ಶುದ್ಧನಾಗಿರಬೇಕು, ಕೊಡುವವನೂ ಶುದ್ಧನಾಗಿರಬೇಕು. ಆಗ ಸುಂಕವೆಂಬುದು ಸುಲಿಗೆಯಲ್ಲ, ಎಲ್ಲರೂ ನಡೆಯುವ ದಾರಿಗೆ ಎಲ್ಲರೂ ಕೊಡುವ ಪಾಲು. ಗಾದೆಯ ಸುಂಕದವನು ಒಬ್ಬ, ವಚನದ ಸುಂಕದವನು ಇನ್ನೊಬ್ಬ. ಇಬ್ಬರೂ ನಮ್ಮವರೇ.

ಈಗ ಇತಿಹಾಸದ ಒಂದು ಸಂಗತಿಯನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. 1878ರ ಡಿಸೆಂಬರದಲ್ಲಿ ಇಂಗ್ಲೆಂಡಿಗೂ ಪೋರ್ತುಗಾಲಿಗೂ ಒಂದು ಒಪ್ಪಂದವಾಯಿತು. ಬ್ರಿಟಿಷ್ ಹಿಂದುಸ್ತಾನಕ್ಕೂ ಗೋವೆಗೂ ನಡುವಣ ಸುಂಕದ ಗೆರೆಯನ್ನು ಅಳಿಸಿಹಾಕುವುದು ಅದರ ತಿರುಳು. 1880ರ ಜನವರಿಯಿಂದ ಅದು ಜಾರಿಗೆ ಬಂತು. ಘಟ್ಟದ ಮೇಲಿನ ಸರಕು ಕೆಳಗೆ, ಕೆಳಗಿನದು ಮೇಲೆ, ಜಕಾತಿಯಿಲ್ಲದೆ ಓಡಾಡತೊಡಗಿತು. ಮರ್ಮಗೋವೆಯ ಬಂದರಿನಿಂದ ಘಟ್ಟಕ್ಕೆ ರೈಲು ಹಾಕಬೇಕೆಂಬುದೂ ಅದರಲ್ಲಿ ಸೇರಿತ್ತು; 1888ರಲ್ಲಿ ಆ ದಾರಿ ಕ್ಯಾಸಲ್‌ರಾಕನ್ನು ಮುಟ್ಟಿ ನಮ್ಮ ಕಡೆಯ ದಾರಿಯೊಡನೆ ಕೂಡಿತು. ಧಾರವಾಡದ ಹತ್ತಿ ನೇರವಾಗಿ ಹಡಗು ಹತ್ತಲೆಂಬ ಆಸೆ ಅದರ ಹಿಂದಿತ್ತು. ಎರಡು ನಾಡುಗಳ ಪೇಟೆಯನ್ನು ಒಂದು ಮಾಡುವುದೆಂದು ಇಂದು ಪಂಡಿತರು ಯಾವುದನ್ನು ಕರೆಯುತ್ತಾರೋ ಅದು ನೂರನಾಲ್ವತ್ತು ವರ್ಷಗಳ ಹಿಂದೆಯೇ ನಮ್ಮ ಬಾಗಿಲ ಮುಂದೆ ನಡೆದುಹೋಗಿದೆ.

ಅದರ ಬೆಲೆಯನ್ನು ತೆತ್ತವರು ಯಾರು? ಪೋರ್ತುಗೀಜ ಸರಕಾರಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಪರಿಹಾರ ದೊರೆಯಿತು. ಅದಕ್ಕೆ ಬದಲಾಗಿ ಗೋವೆಯ ಉಪ್ಪಿನ ಮೇಲೆಯೂ ಅಬಕಾರಿಯ ಮೇಲೆಯೂ ಬ್ರಿಟಿಷರ ಹಿಡಿತ ಬಂತು. ಅದುವರೆಗೆ ಗೋವೆಯ ಉಪ್ಪು ಹೇರೆತ್ತುಗಳ ಬೆನ್ನೇರಿ ಘಟ್ಟ ಹತ್ತಿ ನಮ್ಮ ಸಂತೆಗಳಿಗೆ ಬರುತ್ತಿತ್ತು. ಬ್ರಿಟಿಷರ ತೆರಿಗೆ ಹೊತ್ತ ಉಪ್ಪಿಗಿಂತ ಅದು ಸೋವಿ. ಅದೇ ಅದರ ಅಪರಾಧ. ಒಪ್ಪಂದದ ತರುವಾಯ ಎಷ್ಟೋ ಉಪ್ಪಿನಗದ್ದೆಗಳು ಮುಚ್ಚಿದವು. ತಾನೇ ಬೆಳೆದ ಉಪ್ಪನ್ನು ಗೋವೆಯವನು ಹೆಚ್ಚು ಬೆಲೆ ಕೊಟ್ಟು ಕೊಳ್ಳಬೇಕಾಯಿತು. ತೆಂಗಿನಮರದಿಂದ ಕಳ್ಳು ಇಳಿಸುವವನ ಮೇಲೆ ಹೊಸ ತೆರಿಗೆ ಬಿತ್ತು. ಬೊಂಬಾಯಿಯ ಬಟ್ಟೆ ಸುಂಕವಿಲ್ಲದೆ ಕೆಳಗಿಳಿದಾಗ ಪಣಜಿಯ ಗಿರಾಕಿ ಸೋವಿಯಾಯಿತೆಂದು ಹಿಗ್ಗಿರಬೇಕು. ಆ ಹಿಗ್ಗಿನ ಬೆಲೆಯನ್ನು ಉಪ್ಪಿನಗದ್ದೆಯ ಕೂಲಿಯವನು ಕಟ್ಟಿದ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಹನ್ನೆರಡು ವರ್ಷ ತುಂಬಿದೊಡನೆ, 1892ರ ಜನವರಿಯಲ್ಲಿ, ಒಪ್ಪಂದ ಕೊನೆಗೊಂಡಿತು. ಅಳಿಸಿದ ಗೆರೆ ಮತ್ತೆ ಮೂಡಿತು.

ಮೂಡಿದ ಗೆರೆ ಬೇರೊಂದು ಬಗೆಯಲ್ಲಿ ಕೆಲಸ ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ ಭಾರತವು ಪರದೇಶದ ಸರಕಿಗೆ ಕಟ್ಟುನಿಟ್ಟಿನ ತಡೆ ಹಾಕಿತು; ಗೋವೆಯಲ್ಲಿ ಆ ತಡೆಯಿರಲಿಲ್ಲ. ಗಡಿಯಾರ, ಪೆನ್ನು, ನೈಲಾನು, ಮದ್ಯ, ಬಂಗಾರ ಇವೆಲ್ಲ ಘಟ್ಟದ ಕಾಲುದಾರಿಗಳನ್ನು ಹಿಡಿದವು. 1955ರಲ್ಲಿ ಸತ್ಯಾಗ್ರಹದ ಮೇಲೆ ಗುಂಡು ಹಾರಿದ ತರುವಾಯ ಭಾರತ ಗಡಿಯನ್ನು ಮುಚ್ಚಿತು, ರೈಲೂ ನಿಂತಿತು. ಬೆಳಗಾವಿಯ ಬಟಾಟೆ ಒಂದು ದಿನದ ದಾರಿಯಲ್ಲಿರುವಾಗ ಗೋವೆಯವರು ಹಾಲೆಂಡಿನಿಂದ ಬಟಾಟೆಯನ್ನೂ ಸಿಂಹಳದಿಂದ ಚಹಾವನ್ನೂ ಜಪಾನಿನಿಂದ ಸಿಮೆಂಟನ್ನೂ ತರಿಸಿಕೊಂಡರು. ನೆರೆಮನೆಯ ಬಾಗಿಲು ಮುಚ್ಚಿದ್ದರಿಂದ ಏಳು ಸಮುದ್ರದಾಚೆಯ ಮನೆ ಹತ್ತಿರವಾಯಿತು. 1961ರ ಡಿಸೆಂಬರದಲ್ಲಿ ಗೋವೆ ಬಿಡುಗಡೆಯಾಗಿ ಭಾರತದಲ್ಲಿ ಸೇರಿತು. ಆದರೂ ಗೋವೆಯ ಮಾಲು ಎಂಬ ಮಾತಿನ ಹೊಳಪು ಕುಂದಲು ಬಹುಕಾಲ ಹಿಡಿಯಿತು. ಹಿತ್ತಲ ಗಿಡ ಮದ್ದಲ್ಲ; ಬೇಲಿಯಾಚೆಯ ಗಿಡವಾದರೆ ಎಲೆಯೂ ಮದ್ದು, ಬೇರೂ ಮದ್ದು. ವಸ್ತುವಿಗೆ ಅರ್ಧ ರುಚಿಯನ್ನು ಗಡಿಯೇ ಕೊಡುತ್ತದೆ.

ಈ ಮಾತಿಗೆ ನಮ್ಮ ಕಾಲದಲ್ಲಿಯೇ ಒಂದು ಪರೀಕ್ಷೆ ನಡೆಯಿತು. 2017ರ ಜುಲೈ 1ರಂದು ದೇಶಕ್ಕೆಲ್ಲ ಸರಕು ಮತ್ತು ಸೇವಾ ತೆರಿಗೆ ಬಂತು. ಸಾಬೂನು, ಬಟ್ಟೆ, ಪಾತ್ರೆ, ಬೂಟು ಇವುಗಳ ಮೇಲಿನ ತೆರಿಗೆ ಅಳ್ನಾವರದಲ್ಲಿ ಎಷ್ಟೋ ಮಡಗಾಂವಿಯಲ್ಲಿಯೂ ಅಷ್ಟೇ ಆಯಿತು. ಮಾರಾಟತೆರಿಗೆಯ ತಪಾಸಣೆಕಟ್ಟೆಗಳಲ್ಲಿ ಲಾರಿಗಳು ರಾತ್ರಿಯೆಲ್ಲ ಸಾಲುಗಟ್ಟುವ ಕಾಲ ಮುಗಿಯಿತು. ಗೋವೆಯ ಸಾಬೂನಿಗೆ ಈಗ ಯಾವ ಮಹಿಮೆಯೂ ಇಲ್ಲ. ಆದರೆ ಮದ್ಯ ಮತ್ತು ಪೆಟ್ರೋಲು ಈ ತೆರಿಗೆಯ ಹೊರಗೆ ಉಳಿದವು. ಅವುಗಳ ಮೇಲೆ ಆಯಾ ರಾಜ್ಯ ತನ್ನ ಇಚ್ಛೆಯಂತೆ ತೆರಿಗೆ ಹಾಕುತ್ತದೆ. ಗೆರೆ ಎಲ್ಲ ಕಡೆ ಅಳಿದು ಈ ಎರಡರ ಸುತ್ತ ಮಾತ್ರ ಉಳಿಯಿತು; ಆಸೆಯೂ ಅಲ್ಲಿಯೇ ಹೋಗಿ ನಿಂತಿತು. 2012ರಲ್ಲಿ ಗೋವೆಯ ಸರಕಾರ ಪೆಟ್ರೋಲಿನ ಮೇಲಿನ ತೆರಿಗೆಯನ್ನು ನೂರಕ್ಕೆ ಇಪ್ಪತ್ತರಿಂದ 0.1ಕ್ಕೆ ಇಳಿಸಿದಾಗ ಲೀಟರಿಗೆ ಸುಮಾರು ಹನ್ನೊಂದು ರೂಪಾಯಿ ಕಡಿಮೆಯಾಗಿತ್ತು. ಗಡಿ ದಾಟಿ ಹೋಗಿ ಟಾಕಿ ತುಂಬಿಸಿಕೊಂಡು ಬರುವುದು ಸುತ್ತಲಿನ ವಾಹನದವರಿಗೆ ಜಾಣತನವೆನಿಸಿತು. ಇನ್ನು ಮದ್ಯದ ಮಾತು ಎಲ್ಲರೂ ಬಲ್ಲದ್ದೇ. ಪರವಾನಗಿಯಿಲ್ಲದೆ ಅದನ್ನು ಘಟ್ಟದ ಮೇಲೆ ತರುವುದು ಅಪರಾಧವೆಂದು ತಿಳಿದೂ ಸೀಸೆಗಳು ಬಟ್ಟೆಯ ಗಂಟಿನಲ್ಲಿ, ಗಾಡಿಯ ಆಸನದಡಿಯಲ್ಲಿ ಪ್ರಯಾಣ ಮಾಡುತ್ತವೆ. ಬೆಳಗಾವಿಯ ರೈತನ ಕಾಯಿಪಲ್ಲೆ ದಿನಾಲೂ ಗೋವೆಗೆ ಇಳಿಯುತ್ತದೆ, ಸೀಸೆ ಮೇಲೇರುತ್ತದೆ. ಎರಡು ನಾಡುಗಳ ಕೊಡುಕೊಳ್ಳುವಿಕೆ ಇಷ್ಟಕ್ಕೇ ಬಂದು ನಿಂತರೆ ಯಾರಿಗೆ ಲಾಭವೆಂದು ರೈತನ ಮನೆಯ ಹೆಂಗಸರನ್ನು ಕೇಳಬೇಕು.

ಇದು ನಮ್ಮೊಬ್ಬರ ಕಥೆಯಲ್ಲ. ಜರ್ಮನಿಯ ಕಾನ್‌ಸ್ಟಾನ್ಸ್ ಎಂಬ ಊರು ಸ್ವಿಸ್ ಗಡಿಗೆ ಹೊಂದಿಕೊಂಡಿದೆ. 2015ರಲ್ಲಿ ಸ್ವಿಸ್ ನಾಣ್ಯದ ಬೆಲೆ ಒಮ್ಮೆಲೆ ಏರಿದಾಗ ಸ್ವಿಸ್ ಜನ ಚೀಲ ಹಿಡಿದು ಆ ಊರಿಗೆ ನುಗ್ಗಿದರು. ತಮ್ಮ ಊರಿನ ಕಟುಕ, ಬೇಕರಿಯವ, ಔಷಧದ ಅಂಗಡಿಯವ ಬರಿಗೈಯಲ್ಲಿ ಕುಳಿತರು. ಕೊನೆಗೆ 2025ರ ಮೊದಲ ದಿನದಿಂದ ಅಲ್ಲಿಯ ಸರಕಾರ, ತೆರಿಗೆಯಿಲ್ಲದೆ ಒಬ್ಬನು ತರಬಹುದಾದ ಸರಕಿನ ಮಿತಿಯನ್ನು 300 ಫ್ರಾಂಕುಗಳಿಂದ 150ಕ್ಕೆ ಇಳಿಸಿತು. ಲೋಕದಲ್ಲಿ ಸಿರಿವಂತರಾದವರ ಮನಸ್ಸೂ ಅಳ್ನಾವರದ ಗಿರಾಕಿಯ ಮನಸ್ಸೂ ಈ ಒಂದು ವಿಷಯದಲ್ಲಿ ಬೇರೆಯಲ್ಲ. ಸೋವಿಯ ಆಸೆಗೆ ಬಡತನವೊಂದೇ ಕಾರಣವಲ್ಲವೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಸೋವಿಯಾಗಿ ಕೊಳ್ಳುವುದು ತಪ್ಪೆ? ಹಾಗೆ ಹೇಳುವುದು ದುಡುಕು. ಸೋವಿಯಲ್ಲಿ ಎರಡು ಜಾತಿಗಳಿವೆ ಎಂದು ನನ್ನ ಎಣಿಕೆ. ದಾರಿ ಸುಗಮವಾದದ್ದರಿಂದ ಬರುವ ಸೋವಿ ಒಂದು; ಗೆರೆಯ ಆಚೆಈಚೆ ತೆರಿಗೆ ಬೇರೆಯಾದದ್ದರಿಂದ ಬರುವ ಸೋವಿ ಇನ್ನೊಂದು. ಹೇರೆತ್ತು ಎಂಟು ದಿನ ನಡೆದು ತರುತ್ತಿದ್ದುದನ್ನು ರೈಲು ಒಂದು ದಿನದಲ್ಲಿ ತಂದರೆ, ಕಟ್ಟೆಯ ಮುಂದೆ ಲಾರಿ ಕಾಯುವ ರಾತ್ರಿ ಉಳಿದರೆ, ಅಲ್ಲಿ ನಿಜವಾಗಿಯೇ ಶ್ರಮ ಉಳಿಯಿತು, ಕಾಲ ಉಳಿಯಿತು. ಹೇರೆತ್ತಿನವನ ಹಳೆಯ ಜೀವನೋಪಾಯ ತಪ್ಪಿತೆಂಬುದು ದಿಟ; ಆದರೆ ನಾಡಿನ ಒಟ್ಟು ಲೆಕ್ಕದಲ್ಲಿ ಗಳಿಕೆಯಿದೆ, ಅವನಿಗೆ ಬೇರೆ ದಾರಿ ಕಾಣಿಸುವ ಹೊಣೆಯನ್ನು ಆ ಗಳಿಕೆಯಿಂದಲೇ ಹೊರಬಹುದು. ಈ ಸೋವಿಯನ್ನು ಸಂತೋಷದಿಂದ ಕೈಚಾಚಿ ತೆಗೆದುಕೊಳ್ಳೋಣ. ಎರಡನೆಯದರಲ್ಲಿ ಏನೂ ಉಳಿಯುವುದಿಲ್ಲ. ಸರಕು ಅದೇ, ಅದನ್ನು ಮಾಡಿದ ದುಡಿಮೆ ಅದೇ. ಮೇಲಾಗಿ ತರಲು ಹೋದ ದಾರಿ ದೂರ. ಇಳಿದ ಬೆಲೆ ಎಲ್ಲಿಯೂ ಮಾಯವಾಗಲಿಲ್ಲ, ಬೇರೊಬ್ಬನ ಲೆಕ್ಕಕ್ಕೆ ಹೋಯಿತು. ಗೋವೆಯಲ್ಲಿ ಎಣ್ಣೆ ತುಂಬಿಸಿಕೊಂಡ ಗಾಡಿ ಓಡುವುದು ನಮ್ಮ ರಸ್ತೆಯ ಮೇಲೆ. ರಸ್ತೆ ಸವೆಯುವುದು ಇಲ್ಲಿ, ತೆರಿಗೆ ಸಲ್ಲುವುದು ಅಲ್ಲಿ. ಆಮೇಲೆ ಅದೇ ಗಾಡಿಯವನು ಅಳ್ನಾವರದ ರಸ್ತೆಯ ಗುಂಡಿಗಳನ್ನು ಬಯ್ಯುತ್ತ ಹೋಗುತ್ತಾನೆ.

ಸರಕಾರದ ಬೊಕ್ಕಸದ ಮಾತು ಯಾರ ಎದೆಯನ್ನೂ ಮುಟ್ಟುವುದಿಲ್ಲವೆಂದು ಬಲ್ಲೆ. ‘ನಾವು ಕೊಟ್ಟದ್ದೆಲ್ಲ ರಸ್ತೆಗೇ ಹೋಗುತ್ತದೆಯೆ?’ ಎಂಬ ಕೇಳಿಕೆ ಸಿದ್ಧವಾಗಿಯೇ ಇರುತ್ತದೆ. ಅದರಲ್ಲಿ ಹುರುಳಿಲ್ಲವೆಂದೂ ಹೇಳಲಾರೆ. ಆದ್ದರಿಂದ ಇನ್ನೂ ಹತ್ತಿರದ ಒಬ್ಬನನ್ನು ನೋಡೋಣ: ನಮ್ಮ ಓಣಿಯ ಕಿರಾಣಿ ಅಂಗಡಿಯವ. ಅವನು ದೇವತೆಯಲ್ಲ. ಪೇಟೆಯಲ್ಲಿ ತಾನೊಬ್ಬನೇ ಎಂದಾದರೆ ಬೆಲೆ ಏರಿಸಿಯಾನು, ಹಳೆಯ ಬೇಳೆಯನ್ನು ಹೊಸದೆಂದು ಕಟ್ಟಿಯಾನು. ದೂರದ ಪೇಟೆ ಇದೆ ಎಂಬ ಅಂಜಿಕೆ ಅವನನ್ನು ಹದ್ದಿನಲ್ಲಿಟ್ಟಿದೆ. ಅಷ್ಟರಮಟ್ಟಿಗೆ ಗಡಿ ತೆರೆದದ್ದು ಬಡವನಿಗೆ ಉಪಕಾರವೇ. ಆದರೆ ಅವನು ಮಾಡುವ ಒಂದು ಕೆಲಸವನ್ನು ದೂರದ ಪೇಟೆ ಎಂದೂ ಮಾಡದು: ಅವನು ಉದ್ರಿ ಕೊಡುತ್ತಾನೆ. ಬಿತ್ತನೆಗೆ ಹಣವೆಲ್ಲ ಹೊಲಕ್ಕೆ ಹೋಗಿ, ಮಳೆ ಹಿಡಿದು ಕೂಲಿಯೂ ಸಿಗದ ಆಷಾಢದಲ್ಲಿ ಅವನ ವಹಿಯಲ್ಲಿ ಒಂದು ಗೆರೆ ಬರೆಸಿ ಎಣ್ಣೆ ಬೆಲ್ಲ ತರುತ್ತೇವೆ, ಸುಗ್ಗಿಗೆ ತೀರಿಸುತ್ತೇವೆ. ಅವನ ಬೆಲೆಯಲ್ಲಿ ಎಣ್ಣೆಯದಷ್ಟೇ ಅಲ್ಲ, ನಾಲ್ಕು ತಿಂಗಳ ತಾಳ್ಮೆಯದೂ ಸೇರಿದೆ. ಅದನ್ನು ಬಿಟ್ಟು ಅಂಕಿಗೆ ಅಂಕಿ ಹೋಲಿಸಿ, ಅವನದು ತುಟ್ಟಿ ಎನ್ನುವುದು ತಪ್ಪು ಲೆಕ್ಕ. ಸುಗ್ಗಿಯ ರೊಕ್ಕ ಕೈಗೆ ಬಂದಾಗ ಚೀಲ ಹಿಡಿದು ಬೆಳಗಾವಿಗೆ ಹೋಗಿ, ರೊಕ್ಕ ತೀರಿದಾಗ ಓಣಿಯ ಅಂಗಡಿಗೆ ಬಂದು ಉದ್ರಿ ಕೇಳುವವನು ಕಾನೂನಿನ ಯಾವ ಕಲಮನ್ನೂ ಮುರಿದಿಲ್ಲ. ಆದರೂ ಅವನು ಅನ್ಯಾಯ ಮಾಡುತ್ತಿದ್ದಾನೆ ಎಂದು ನಾವೆಲ್ಲ ಬಲ್ಲೆವು. ಒಂದು ದಿನ ಆ ಅಂಗಡಿಯ ಬಾಗಿಲು ಮುಚ್ಚುತ್ತದೆ. ಆಗ ನಷ್ಟ ಬೆಳಗಾವಿಗೆ ಹೋಗಬಲ್ಲವನಿಗಲ್ಲ. ಬಸ್ಸಿನ ಚಾರ್ಜಿಗೂ ಗತಿಯಿಲ್ಲದೆ ಆ ವಹಿಯ ಗೆರೆಯನ್ನೇ ನೆಚ್ಚಿಕೊಂಡಿದ್ದ ಮುದುಕಿಗೆ. ನಾವು ಹುಡುಕಹೊರಟ ಮೂರನೆಯವರಲ್ಲಿ ಅವಳೂ ಒಬ್ಬಳು.

ನೆರೆಯವನಿಂದಲೇ ಕೊಳ್ಳಿರಿ ಎಂಬ ಉಪದೇಶ ನಮಗೆ ಹೊಸದಲ್ಲ. 1916ರಲ್ಲಿ ಮದ್ರಾಸಿನಲ್ಲಿ ಸ್ವದೇಶಿಯನ್ನು ಕುರಿತು ಮಾತನಾಡುತ್ತ ಗಾಂಧೀಜಿ, ದೂರದ್ದನ್ನು ಬಿಟ್ಟು ಸಮೀಪದ ಪರಿಸರವನ್ನೇ ಬಳಸುವ, ಅದಕ್ಕೇ ಸೇವೆ ಸಲ್ಲಿಸುವ ಮನೋಭಾವವೇ ಸ್ವದೇಶಿ ಎಂಬ ಅರ್ಥ ಹೇಳಿದರು. ಮಾತು ದೊಡ್ಡದು. ಆದರೆ ಅಳ್ನಾವರದಲ್ಲಿ ನಿಂತು ನೋಡಿದಾಗ ಒಂದು ತೊಡಕು ಏಳುತ್ತದೆ: ಸಮೀಪ ಯಾವುದು? ಇಲ್ಲಿ ಉಪ್ಪು ಬೆಳೆಯುವುದಿಲ್ಲ. ಅದು ಸಾಣಿಕಟ್ಟೆಯಿಂದಲೋ ಗೋವೆಯಿಂದಲೋ ಬರಬೇಕು. ನಮ್ಮದೇ ರಾಜ್ಯದ ರಾಜಧಾನಿ ಬೆಂಗಳೂರಿಗಿಂತ ಪಣಜಿ ನಮಗೆ ಎಷ್ಟೋ ಹತ್ತಿರ. ರಾಜ್ಯದ ಗೆರೆ ನೆರೆಹೊರೆಯನ್ನು ನಿರ್ಣಯಿಸಲಾರದು. ಗೆರೆಯಾಚೆಯವನೆಂಬ ಕಾರಣಕ್ಕೆ ಒಬ್ಬನಿಂದ ಕೊಳ್ಳಬಾರದೆಂಬುದು ನೀತಿಯಲ್ಲ, ಬರಿಯ ಅಭಿಮಾನ. ನೆರೆಯವನು ಯಾರೆಂದರೆ, ನನ್ನ ವ್ಯವಹಾರದ ಒಳಿತು ಕೆಡಕು ಯಾರನ್ನು ಮುಟ್ಟುತ್ತದೋ ಅವನು. ಪೇಟೆ ದೊಡ್ಡದಾದಂತೆ ನೆರೆಹೊರೆಯೂ ದೊಡ್ಡದಾಗುತ್ತದೆ. ಪೇಟೆಯ ಹಿಗ್ಗನ್ನು ಬೇಕೆಂದು, ನೆರೆಹೊರೆಯ ಹಿಗ್ಗನ್ನು ಬೇಡವೆಂದರೆ ನಡೆಯದು.

ಹೀಗೆ ಎಂದಾಗ ನೆನಪಾಗುವುದು ಇನ್ನೊಂದು ಗಡಿ. ಕಾಸರಗೋಡಿನ ಕನ್ನಡಿಗರಿಗೂ ಮಲಯಾಳಿಗಳಿಗೂ ಮಂಗಳೂರು ಬಹುಕಾಲದಿಂದ ದೊಡ್ಡ ಪೇಟೆ. ಮದುವೆಯ ಸೀರೆಗೆ ಮಂಗಳೂರು, ಬಂಗಾರಕ್ಕೆ ಮಂಗಳೂರು, ಕಾಲೇಜಿಗೆ ಮಂಗಳೂರು, ಆಸ್ಪತ್ರೆಗೂ ಮಂಗಳೂರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಚೀಲ ಹಿಡಿದವರ ಕಾಲುಗಳು ಆ ಗೆರೆಯನ್ನು ಗಣಿಸಲಿಲ್ಲ. 2020ರ ಮಾರ್ಚಿಯಲ್ಲಿ ಮಹಾಮಾರಿ ಬಂತು. ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿತು. ರೋಗಿಗಳನ್ನು ಹೊತ್ತ ಗಾಡಿಗಳೂ ಅಲ್ಲಿ ತಡೆದು ನಿಂತವು; ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ವ್ಯಾಜ್ಯ ಕೇರಳದ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಮ್ ಕೋರ್ಟಿಗೂ ಹೋಯಿತು. ರೋಗದ ಭಯ ಸುಳ್ಳಾಗಿರಲಿಲ್ಲ. ಆಡಳಿತದವರ ಕಷ್ಟವೂ ಸಣ್ಣದಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಣ ಹಿಡಿದು ಬಂದಾಗ ಯಾರನ್ನು ಬಾಗಿಲಲ್ಲಿ ನಿಂತು ‘ಬನ್ನಿ’ ಎಂದು ಕರೆದೆವೋ, ನೋವು ಹಿಡಿದು ಬಂದಾಗ ಅವರೇ ಗಡಿಯಾಚೆಯವರಾದರಲ್ಲ! ಗಿರಾಕಿಯನ್ನು ಒಳಗೆ ಬಿಟ್ಟು ಮನುಷ್ಯನನ್ನು ಹೊರಗೆ ನಿಲ್ಲಿಸುವ ಒಕ್ಕೂಟ ಅರ್ಧ ಒಕ್ಕೂಟ. ಕೊಡುಕೊಳ್ಳುವಿಕೆ ಹುಟ್ಟಿಸಿದ ನಂಟಿಗೆ ಅಂಗಡಿಯ ಬಾಗಿಲಲ್ಲಿ ಕೊನೆಯಿಲ್ಲ.

ಇಷ್ಟರಿಂದ ಯಾರೂ ನಾಳೆಯಿಂದ ಬೆಳಗಾವಿಗೆ ಹೋಗುವುದನ್ನು ಬಿಡಬೇಕಾಗಿಲ್ಲ. ಬಿಡೆಂದರೆ ಬಿಡುವವರೂ ಇಲ್ಲ. ಮನೆಯಲ್ಲಿ ಮದುವೆ ಕೂಡಿಬಂದ ಬಡವನಿಗೆ ನೂರು ರೂಪಾಯಿ ಉಳಿಯುವುದು ದೊಡ್ಡ ಮಾತು. ಅವನಿಗೆ ನೀತಿ ಹೇಳಲು ಹೊರಡುವುದು ಹೊಟ್ಟೆ ತುಂಬಿದವರ ಉದ್ಧಟತನವಾದೀತು. ಆದರೆ ಉಳಿತಾಯ ಅವಶ್ಯಕತೆಯಾಗಿರದೆ ಚಟವಾಗಿರುವ ನಮ್ಮಂಥ ತಿಂಗಳ ಸಂಬಳದವರು ಬೆಲೆ ಕೇಳಿದ ಮೇಲೆ ಇನ್ನೊಂದು ಗಳಿಗೆ ನಿಂತು ಮೂರನೆಯ ಪ್ರಶ್ನೆಯನ್ನೂ ಕೇಳಿಕೊಳ್ಳಬಹುದಲ್ಲವೆ? ದಾರಿ ಉಳಿದು ಸೋವಿಯಾಗಿದ್ದರೆ ತರೋಣ. ಯಾರದೋ ಪಾಲು ತಪ್ಪಿ ಸೋವಿಯಾಗಿದ್ದರೆ, ತಪ್ಪಿದವನ ಮುಖವನ್ನು ಒಮ್ಮೆ ನೆನೆದು, ಆಮೇಲೆ ಚೀಲಕ್ಕೆ ಕೈಹಾಕೋಣ. ರಸ್ತೆಯ ಕಟ್ಟೆಗಳು ಒಂದೊಂದಾಗಿ ಹೋಗುತ್ತಿವೆ, ಹೋಗಲಿ, ಒಳ್ಳೆಯದೇ. ಅಲ್ಲಿ ಕುಳಿತು ನಮ್ಮ ಗಂಟು ಬಿಚ್ಚಿ ನೋಡುತ್ತಿದ್ದವನಿಗೆ ಸುಳ್ಳು ಹೇಳಿ ಪಾರಾಗಬಹುದಿತ್ತು. ಬಂಕಣ್ಣನಂಥ ಸುಂಕದವನು ನಮ್ಮೊಳಗೆ ಬಂದು ಕುಳಿತರೆ ಅವನ ಮುಂದೆ ಆ ಉಪಾಯ ನಡೆಯದು.